ಲೆಕ್ಕಕ್ಕೆ ಸಿಗುವ ದಯೆ

(ಶ್ರಾವಣ ಮಾಸದ ಪುರಾಣ ಪ್ರವಚನದಲ್ಲಿ ಹೊಸಹಳ್ಳಿಯ ಸದ್ಭಕ್ತರಿಗೆ)



ಕೊಟ್ಟೂರೇಶನಿಗೆ ಹರಕೆ ಹೊರುವಾಗ ನಿಮ್ಮಲ್ಲಿ ಯಾರೂ "ಸ್ವಾಮಿ, ಮಗನಿಗೆ ಗುಣವಾದರೆ ನಿನ್ನ ಮೇಲೆ ಇನ್ನೂ ಹೆಚ್ಚು ಭಕ್ತಿ ಇಡುತ್ತೇನೆ" ಎಂದು ಬೇಡಿಕೊಳ್ಳುವುದಿಲ್ಲ. "ಬರುವ ತೇರಿಗೆ ಐದು ಕಾಯಿ ಒಡೆಸುತ್ತೇನೆ" ಎನ್ನುತ್ತೀರಿ. "ನಡೆದು ಬಂದು ದೀಡ್ ನಮಸ್ಕಾರ ಹಾಕುತ್ತೇನೆ" ಎನ್ನುತ್ತೀರಿ. ಯಾವ ದೇವರಿಗೆ, ಯಾವ ದಿನ, ಏನು, ಎಷ್ಟು ಎಂಬುದೆಲ್ಲ ಬಾಯಿಂದ ಮಾತು ಹೊರಬೀಳುವ ಮೊದಲೇ ನಿಶ್ಚಯವಾಗಿರುತ್ತದೆ. ಮೂಲಾ ನಕ್ಷತ್ರ ಕೂಡಿದ ಹೊತ್ತಿಗೆ ಎಳೆಯುವ ಆ ತೇರಿಗೆಂದು ದಾವಣಗೆರೆಯಿಂದ ಕೊಟ್ಟೂರಿನವರೆಗೆ ಜನ ಸಾಲುಗಟ್ಟಿ ನಡೆದು ಬರುವುದನ್ನು ನೀವೆಲ್ಲ ನೋಡಿದ್ದೀರಿ. ಕಾಲಲ್ಲಿ ಬೊಬ್ಬೆ ಎದ್ದರೂ ಅರ್ಧ ದಾರಿಗೆ ಬಸ್ಸು ಹತ್ತುವವರು ಕಡಿಮೆ. ಹರಕೆ ಉಳಿದುಹೋದರೆ ಮನಸ್ಸಿಗೆ ಸಮಾಧಾನವಿಲ್ಲ. ಹೊತ್ತವರು ಮರೆತರೂ ಮನೆಯ ಅಜ್ಜಿ ಮರೆಯುವುದಿಲ್ಲ, ವರ್ಷ ತುಂಬುವುದರೊಳಗೆ ಕೇಳಿಯೇ ಕೇಳುತ್ತಾಳೆ.

ದೇವರಿಗೆ ಕೊಟ್ಟ ಮಾತಿನಲ್ಲಿ ಇಷ್ಟು ನಿಖರವಾಗಿರುವ ನಾವು ಮನುಷ್ಯರ ವಿಷಯಕ್ಕೆ ಬಂದಾಗ ಯಾಕೆ ಇಷ್ಟು ಸಡಿಲ? ದಯೆ ಇರಬೇಕು ಎನ್ನುತ್ತೇವೆ, ಯಾರ ಮೇಲೆ ಎಂದು ಹೇಳುವುದಿಲ್ಲ. ಎಲ್ಲರೂ ಸಮಾನರು ಎನ್ನುತ್ತೇವೆ, ಯಾರ ಮನೆಯ ಪಂಕ್ತಿಯಲ್ಲಿ ಎಂದು ಹೇಳುವುದಿಲ್ಲ. ದಾಸೋಹ ದೊಡ್ಡದು ಎನ್ನುತ್ತೇವೆ, ಇವತ್ತು ಸಂಜೆ ಯಾರ ಹೊಟ್ಟೆಗೆ ಎಂಬ ಪ್ರಶ್ನೆ ಏಳುವುದೇ ಇಲ್ಲ. ಪ್ರವಚನದ ಕೊನೆಯ ದಿನ ಎಲ್ಲರಿಂದ ಕೈ ಎತ್ತಿಸುವ ರೂಢಿ ಅನೇಕ ಕಡೆ ಇದೆ. "ಇನ್ನು ಮೇಲೆ ಧರ್ಮದಿಂದ ಬಾಳುತ್ತೇವೆ" ಎಂದು ಸಾವಿರ ಕೈ ಮೇಲೇಳುತ್ತವೆ. ಆ ಕೈಗಳು ಕೆಳಗಿಳಿದ ಮೇಲೆ ಏನಾಯಿತು ಎಂದು ಯಾರಿಗೂ ಯಾರನ್ನೂ ಕೇಳಲಾಗುವುದಿಲ್ಲ. ಕೇಳಲು ಅಲ್ಲಿ ಒಂದು ದಿನವಿಲ್ಲ, ಒಂದು ಎಣಿಕೆಯಿಲ್ಲ. ಸುಳ್ಳು ಹೇಳಬೇಕೆಂದು ಯಾರೂ ಕೈ ಎತ್ತಿರುವುದಿಲ್ಲ. ಮಾತೇ ಹಿಡಿತಕ್ಕೆ ಸಿಗದಂತೆ ಇತ್ತು, ಅಷ್ಟೇ.

ಧರ್ಮಕ್ಕೆ ಲೆಕ್ಕ ಯಾಕೆ, ಲೆಕ್ಕ ಅಂಗಡಿಯವರದು ಎಂದು ಕೆಲವರು ಹೇಳುತ್ತಾರೆ. ಒಕ್ಕಲು ಮಾಡುವ ನಮಗೆ ಆ ಮಾತು ಒಪ್ಪುವುದಿಲ್ಲ. ಕಣದಲ್ಲಿ ರಾಶಿ ಅಳೆಯುವಾಗ ಚಪ್ಪಲಿ ಬಿಡುತ್ತೇವೆ, ರಾಶಿಗೆ ಪೂಜೆ ಮಾಡುತ್ತೇವೆ, ಮೊದಲ ಕೊಳಗಕ್ಕೆ "ಒಂದು" ಎನ್ನದೆ "ಲಾಭ" ಎಂದು ಎಣಿಕೆ ಶುರು ಮಾಡುತ್ತೇವೆ. ಅಳೆಯುವ ಕೆಲಸವನ್ನೇ ಪೂಜೆಯಾಗಿ ಮಾಡಿದವರು ನಮ್ಮ ಹಿರಿಯರು. ಇನ್ನು ಬಸವಣ್ಣನವರು ಯಾರು? ಮಂಗಳವಾಡದಲ್ಲಿ ಬಿಜ್ಜಳನ ಅರಮನೆಯ ಕರಣಿಕರಾಗಿ ದುಡಿದವರು, ಮುಂದೆ ಭಂಡಾರವನ್ನೇ ನೋಡಿಕೊಂಡವರು. ಭಂಡಾರದ ಹಣ ಜಂಗಮರಿಗೆ ಸೋರಿಹೋಗುತ್ತಿದೆ ಎಂದು ಕೊಂಡೆಯರು ದೂರು ಕೊಟ್ಟಾಗ ಅವರು ಭಕ್ತಿಯ ಬಗ್ಗೆ ಭಾಷಣ ಮಾಡಲಿಲ್ಲ. ಭಂಡಾರ ತೆರೆಸಿ ಎಣಿಸಿ ತೋರಿಸಿದರು, ಒಂದು ಕಾಸೂ ಕಡಿಮೆ ಬೀಳಲಿಲ್ಲ ಎಂದು ಪುರಾಣ ಹೇಳುತ್ತದೆ. ಅದನ್ನು ಪವಾಡ ಎಂದು ಕೇಳುತ್ತ ಬಂದಿದ್ದೇವೆ. ಲೆಕ್ಕ ಒಪ್ಪಿಸಲು ಸದಾ ಸಿದ್ಧರಿದ್ದ ಭಕ್ತರ ಕಥೆ ಎಂದೂ ಅದನ್ನು ಕೇಳಬಹುದು. ನನಗೆ ಎರಡನೆಯ ರೀತಿಯೇ ಹೆಚ್ಚು ಹಿಡಿಸುತ್ತದೆ.

ಆದರೆ ಇವತ್ತು ನಿಮ್ಮ ಮುಂದೆ ನಿಲ್ಲಿಸಬೇಕೆಂದಿರುವುದು ಭಂಡಾರಿಯನ್ನಲ್ಲ, ಅಕ್ಕಿ ಆಯುತ್ತಿದ್ದ ಬಡ ದಂಪತಿಯನ್ನು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಈಗಿನ ಲಿಂಗಸುಗೂರು ತಾಲೂಕಿನ ಅಮರೇಶ್ವರದ ಕಡೆಯವರು. ಕಲ್ಯಾಣಕ್ಕೆ ಬಂದು ನೆಲೆಸಿದರು. ಅಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ತಂದದ್ದನ್ನು ಬೇಯಿಸಿ ಜಂಗಮರಿಗೆ ಬಡಿಸುವುದು ಇಬ್ಬರ ದಾಸೋಹ. ಒಂದು ದಿನ ಮಾರಯ್ಯ ಅನುಭವದ ಮಾತಿನಲ್ಲಿ ಮುಳುಗಿ ಕಾಯಕದ ಹೊತ್ತು ಮೀರಿದ್ದನ್ನೇ ಮರೆತ. ನೆನಪಿಸಿದವಳು ಲಕ್ಕಮ್ಮ. ಗಾಬರಿಯಿಂದ ಓಡಿದ ಮಾರಯ್ಯ ಅವತ್ತು ದಿನಕ್ಕಿಂತ ಹೆಚ್ಚು ಅಕ್ಕಿ ಕಟ್ಟಿಕೊಂಡು ಬಂದ. ಗಂಟು ಎತ್ತಿ ನೋಡಿದ ಕೂಡಲೇ ಲಕ್ಕಮ್ಮನಿಗೆ ತೂಕ ತಿಳಿಯಿತು. ಇಷ್ಟು ನಮಗೆ ಬೇಡ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬನ್ನಿ ಎಂದಳು. ಮಾರಯ್ಯ ಹೋಗಿ ಸುರಿದು ಬಂದ.

ಈ ಕಥೆ ನಿಮಗೆ ಹೊಸದಲ್ಲ. ಇದರಲ್ಲಿ ನಾವು ಬೇಗ ದಾಟಿಹೋಗುವ ಜಾಗದಲ್ಲಿ ಸ್ವಲ್ಪ ನಿಲ್ಲೋಣ. ಆಸೆ ಕೆಟ್ಟದ್ದು ಎಂಬ ಉಪದೇಶ ಕಲ್ಯಾಣದಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಮಾರಯ್ಯನಿಗೂ ಬರುತ್ತಿತ್ತು, ಅವನು ಅಂಥ ಮಾತು ಕೇಳುವುದರಲ್ಲೇ ಹೊತ್ತು ಮರೆತವನು. ಆ ಉಪದೇಶ ಅವನ ಗಂಟನ್ನು ಹಗುರ ಮಾಡಲಿಲ್ಲ. ಹಗುರ ಮಾಡಿದ್ದು ಲಕ್ಕಮ್ಮನ ಕೈ. ದಿನಕ್ಕೆ ಎಷ್ಟು ಬೇಕು ಎಂಬ ಅಳತೆ ಆ ಕೈಯಲ್ಲಿತ್ತು. ಅಳತೆ ಇಲ್ಲದಿದ್ದರೆ ಹೆಚ್ಚಾಯಿತು ಎಂದು ಅವಳಿಗೆ ತಿಳಿಯುತ್ತಿದ್ದುದಾದರೂ ಹೇಗೆ?

ಇನ್ನೊಂದನ್ನೂ ಗಮನಿಸಿ. ಅಳತೆ ಎಂದ ಕೂಡಲೇ ನಮ್ಮ ಮನಸ್ಸು ಹೆಚ್ಚಿನ ಕಡೆ ಓಡುತ್ತದೆ. ಹೋದ ವರ್ಷಕ್ಕಿಂತ ದೊಡ್ಡ ಜಾತ್ರೆ, ಪಕ್ಕದೂರಿಗಿಂತ ಎತ್ತರದ ಮಹಾದ್ವಾರ, ಎಷ್ಟು ಕ್ವಿಂಟಲ್ ಪ್ರಸಾದ ಎಂದು ಎಣಿಸುತ್ತೇವೆ. ಲಕ್ಕಮ್ಮನ ಅಳತೆ ಸಾಕು ಎನ್ನುವುದಕ್ಕಿದ್ದ ಅಳತೆ. ಎಲ್ಲಿ ನಿಲ್ಲಬೇಕು ಎಂದು ತಿಳಿಯಲು ಅವಳು ಎಣಿಸಿದಳು. ಜೊತೆಗೆ, ಕಾಯಕ ತಪ್ಪಿದ ದಿನವನ್ನು ಕಂಡು ಎಚ್ಚರಿಸಿದವಳೂ ಅವಳೇ. ಕಡಿಮೆಯಾದದ್ದೂ ಅವಳ ಕಣ್ಣಿಗೆ ಬಿತ್ತು, ಹೆಚ್ಚಾದದ್ದೂ ಬಿತ್ತು. ಧರ್ಮವನ್ನು ಅಡುಗೆಮನೆಗೆ ತಂದು ಅಳೆದವಳು ಒಬ್ಬ ಹೆಣ್ಣುಮಗಳು ಎಂಬುದನ್ನು ತಾಯಂದಿರು ನೆನಪಿಡಬೇಕು. ಗಂಡಸರು ಇನ್ನೂ ಹೆಚ್ಚು ನೆನಪಿಡಬೇಕು.

ಅಳತೆಯ ಈ ಮಾತು ಕಲ್ಯಾಣದ ಕಾಲಕ್ಕಷ್ಟೇ ಸೇರಿದ್ದಲ್ಲ. ನಮ್ಮ ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮ ಇಟ್ಟ ಸ್ಮಾರಕವಿದೆ. ಅಕ್ಟೋಬರ್ 2ಕ್ಕೆ, ಜನವರಿ 30ಕ್ಕೆ ಅಲ್ಲಿ ಹೂವು ಏರುತ್ತದೆ. ಅವರು ಅಧ್ಯಕ್ಷರಾಗಿದ್ದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ನಡೆದದ್ದು ನಮ್ಮ ನಾಡಿನಲ್ಲೇ, ಬೆಳಗಾವಿಯಲ್ಲಿ, 1924ರ ಡಿಸೆಂಬರಿನಲ್ಲಿ. ಅದುವರೆಗೆ ವರ್ಷಕ್ಕೆ ನಾಲ್ಕಾಣೆ ಕೊಟ್ಟವರು ಕಾಂಗ್ರೆಸ್ಸಿನ ಸದಸ್ಯರಾಗಬಹುದಿತ್ತು. ನಾಲ್ಕಾಣೆ ಬಿಸಾಕಿ ಸ್ವರಾಜ್ಯದ ಜಯಕಾರ ಹಾಕುವುದು ಸುಲಭವಾಗಿತ್ತು. ಬೆಳಗಾವಿಯಲ್ಲಿ ಒಪ್ಪಿದ ಹೊಸ ನಿಯಮ ಬೇರೆ: ಸದಸ್ಯನಾಗಬೇಕಾದರೆ ತಿಂಗಳಿಗೆ 2,000 ಗಜ ನೂಲು ಕೊಡಬೇಕು. ಸ್ವರಾಜ್ಯದಂಥ ಆಕಾಶದಷ್ಟು ದೊಡ್ಡ ಮಾತು ರಾಟೆಯ ಮುಂದೆ ಬಂದು ಕೂತಿತು. ಹತ್ತಿರ ಹತ್ತಿರ ಎರಡು ಕಿಲೋಮೀಟರ್ ಉದ್ದದ ನೂಲು, ಪ್ರತಿ ತಿಂಗಳು. ಬಹಳ ಜನರಿಂದ ಆಗಲಿಲ್ಲ. 1925ರ ಸೆಪ್ಟೆಂಬರಿನಲ್ಲಿ ಪಟ್ನಾದಲ್ಲಿ ಸೇರಿದಾಗ ನಿಯಮ ಸಡಿಲಿಸಿ, ನೂಲು ಕೊಡಲಾಗದವರು ನಾಲ್ಕಾಣೆ ಕೊಡಲಿ ಎಂದು ಒಪ್ಪಬೇಕಾಯಿತು. ಇದನ್ನು ಸೋಲು ಎಂದವರಿದ್ದಾರೆ. ಗಜದ ಲೆಕ್ಕ ಇದ್ದುದರಿಂದಲೇ ಯಾರು ಎಲ್ಲಿದ್ದಾರೆ ಎಂದು ಹತ್ತು ತಿಂಗಳೊಳಗೆ ತಿಳಿಯಿತು ಎಂದು ನಾನು ಹೇಳುತ್ತೇನೆ. ಅಳತೆ ಭಾರವಾದರೆ ಇಳಿಸಬಹುದು, ಮತ್ತೆ ಏರಿಸಬಹುದು. ಅಳತೆಯೇ ಇಲ್ಲದ ಮಾತನ್ನು ತಿದ್ದುವ ದಾರಿಯಿಲ್ಲ.

ಇನ್ನೂ ಹತ್ತಿರಕ್ಕೆ ಬರೋಣ. ಇಳಕಲ್ಲಿನ ಚಿತ್ತರಗಿ ಮಠದ ಮಹಾಂತ ಸ್ವಾಮೀಜಿ ಕುಡಿತ ಕೆಟ್ಟದ್ದು ಎಂದು ವೇದಿಕೆಯ ಮೇಲೆ ಹೇಳಿ ಹೊರಟುಹೋಗಲಿಲ್ಲ. ಜೋಳಿಗೆ ಹಿಡಿದು ಊರೂರಿನ ಓಣಿಗಳಲ್ಲಿ ನಡೆದರು. ಕಾಳು ಬೇಡ, ಕಾಸು ಬೇಡ, ನಿಮ್ಮ ದುಶ್ಚಟವನ್ನು ಈ ಜೋಳಿಗೆಗೆ ಹಾಕಿ ಎಂದು ಬೇಡಿದರು. ಜನ ಬೀಡಿಯ ಕಟ್ಟು ಹಾಕಿದರು, ಗುಟ್ಕಾ ಚೀಟಿ ಹಾಕಿದರು, ಇನ್ನು ಕುಡಿಯುವುದಿಲ್ಲ ಎಂದು ಮಾತು ಹಾಕಿದರು. ಸಂಯಮ ಎಂಬ ಗುಣಕ್ಕೆ ಅವರು ಒಂದು ಬಾಗಿಲು, ಒಂದು ದಿನ, ಒಂದು ಸಾಕ್ಷಿ ಒದಗಿಸಿದರು. ಸ್ವಾಮೀಜಿ 2018ರಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರ ವ್ಯಸನಮುಕ್ತ ದಿನ ಎಂದು ಆಚರಿಸುತ್ತದೆ. ಆ ದಿನ ಹೆಚ್ಚಾಗಿ ನಮ್ಮ ಆಷಾಢ ಶ್ರಾವಣದ ನಡುವೆಯೇ ಬರುತ್ತದೆ.

ಈಗ ನಮ್ಮ ಊರಿನ ಮಾತು.

ಶೇಂಗಾ ಕಿತ್ತು, ಜೋಳ ಮೆಕ್ಕೆಜೋಳದ ಸುಗ್ಗಿ ಮುಗಿಯುತ್ತಿದ್ದಂತೆ ಈ ಸೀಮೆಯಲ್ಲಿ ಗುಳೆ ಶುರುವಾಗುತ್ತದೆ. ಮಳೆ ಕೈಕೊಟ್ಟ ವರ್ಷ ಸುಗ್ಗಿಗೂ ಕಾಯುವುದಿಲ್ಲ. ಕೆಲವರು ಕಾಫಿ ಸೀಮೆಗೆ ಹಣ್ಣು ಬಿಡಿಸಲು, ಕೆಲವರು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಹೊಟ್ಟೆಗಾಗಿ ಹೋಗುವವರನ್ನು ಹೋಗಬೇಡಿ ಎನ್ನುವ ಹಕ್ಕು ನನಗಿಲ್ಲ. ಆದರೆ ಅವರು ಹೋದ ಮೇಲೆ ಊರಿನಲ್ಲಿ ಯಾರು ಉಳಿಯುತ್ತಾರೆ? ಮಂಡಿ ನೋವಿನ ಅಜ್ಜಿ, ಕಣ್ಣು ಮಂಜಾದ ಅಜ್ಜ, ಶಾಲೆ ತಪ್ಪಬಾರದೆಂದು ಅವರ ಹತ್ತಿರ ಬಿಟ್ಟುಹೋದ ಮೊಮ್ಮಕ್ಕಳು. ತಿಂಗಳುಗಟ್ಟಲೆ ಆ ಮನೆಯ ಒಲೆ ದಿನಕ್ಕೆ ಒಂದು ಹೊತ್ತು ಉರಿದರೆ ಹೆಚ್ಚು. ಅತ್ತ ನಾವು ಗುಡಿಯಲ್ಲಿ ದಾಸೋಹದ ಮಹಿಮೆ ಕೇಳುತ್ತಿರುತ್ತೇವೆ. ಪಕ್ಕದ ಓಣಿಯಲ್ಲಿ ಒಬ್ಬ ತಾಯಿ ನಿನ್ನೆಯ ರೊಟ್ಟಿಯನ್ನು ನೀರಿನಲ್ಲಿ ನೆನೆಸುತ್ತಿರುತ್ತಾಳೆ.

ಈ ಶ್ರಾವಣದಲ್ಲಿ ಎಲ್ಲರೂ ಊರಲ್ಲಿದ್ದೀರಿ. ಹೋಗುವವರೂ ಇದ್ದೀರಿ, ಉಳಿಯುವವರೂ ಇದ್ದೀರಿ. ದಾಸೋಹ ಎಂಬ ಮಾತನ್ನು ಲೆಕ್ಕಕ್ಕೆ ತರಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು. ಮೊದಲ ಪ್ರಶ್ನೆ ಸರಳವಾದದ್ದು: ನಿಮ್ಮ ಓಣಿಯಲ್ಲಿ ಈ ಸಲ ಎಷ್ಟು ಮನೆಯವರು ಗುಳೆ ಹೋಗುವವರಿದ್ದಾರೆ, ಅವುಗಳಲ್ಲಿ ಎಷ್ಟು ಮನೆಯಲ್ಲಿ ಮುದುಕರು ಮಾತ್ರ ಉಳಿಯುತ್ತಾರೆ? ಇದು ಯಾರಿಗೂ ಗೊತ್ತಿಲ್ಲದ ವಿಷಯವಲ್ಲ. ಎಲ್ಲರಿಗೂ ಚೂರು ಚೂರು ಗೊತ್ತು, ಒಂದು ಕಡೆ ಬರೆದಿಟ್ಟಿಲ್ಲ. ತುಂಗಭದ್ರೆಯ ನೀರಿನಿಂದ ಕೂಡ್ಲಿಗಿ ತಾಲೂಕಿನ 74 ಕೆರೆ ತುಂಬಿಸುವ ಯೋಜನೆಯ ಮಾತು ಬಂದಾಗ ಪ್ರತಿ ಊರಿನವರೂ ನಮ್ಮ ಕೆರೆ ಅದರಲ್ಲಿದೆಯೇ ಎಂದು ಕೇಳಬಹುದಾಯಿತಲ್ಲ? ಪಟ್ಟಿ ಇತ್ತು, ಹಾಗಾಗಿ ಕೇಳಬಹುದಾಯಿತು. ನಮ್ಮ ಊರಿನ ಒಂಟಿ ಮುದುಕರಿಗೂ ಒಂದು ಪಟ್ಟಿ ಬೇಕು.

ಗುಡಿಯಲ್ಲಿಟ್ಟ ಒಂದು ಪುಸ್ತಕದಲ್ಲಿ ಪಟ್ಟಿ ಬರೆದ ಮೇಲೆ ವಾರದ ದಿನಗಳನ್ನು ಹಂಚಿಕೊಳ್ಳಿ. ಒಂದು ಮನೆಗೆ ಒಂದು ದಿನ ಸಾಕು. ಸೋಮವಾರ ಎತ್ತು ಹೂಡದ ಮನೆಗಳು ಇನ್ನೂ ಇಲ್ಲಿವೆ, ಅವರು ಸೋಮವಾರ ಹಿಡಿಯಲಿ. ನಿಮ್ಮ ಮನೆಯಲ್ಲಿ ಮಾಡಿದ್ದರಲ್ಲೇ ಒಂದು ಪಾಲು ಕೊಡಿ, ಬೇರೆ ಅಡುಗೆ ಬೇಡ. ಇಲ್ಲಿ ಒಂದು ಎಚ್ಚರಿಕೆ. ಎರಡು ರೊಟ್ಟಿ ಕೊಟ್ಟು ಬಂದೆವು ಎಂದು ಎಣಿಸಿ ಸುಮ್ಮನಾಗಬೇಡಿ. ಹಲ್ಲಿಲ್ಲದ ಅಜ್ಜಿಗೆ ಖಡಕ್ ರೊಟ್ಟಿ ಕೊಟ್ಟರೆ ನಿಮ್ಮ ಲೆಕ್ಕ ತುಂಬುತ್ತದೆ, ಅವಳ ಹೊಟ್ಟೆ ತುಂಬುವುದಿಲ್ಲ. ಅವಳಿಗೆ ಮಜ್ಜಿಗೆ ಕಲಸಿದ ಮೆತ್ತನೆಯ ನುಚ್ಚು ಬೇಕು. ಕೊಟ್ಟದ್ದನ್ನು ಎಣಿಸುವ ಬದಲು ಉಂಡದ್ದನ್ನು ಎಣಿಸಿ. ಐದು ನಿಮಿಷ ಕೂತು, ಉಂಡರೇ ಎಂದು ನೋಡಿ, ತಟ್ಟೆ ತೆಗೆದುಕೊಂಡು ಬನ್ನಿ. ಆ ಐದು ನಿಮಿಷದಲ್ಲಿ ಇನ್ನೂ ಮೂರು ಪ್ರಶ್ನೆ ಕೇಳಬಹುದು: ಬಿಪಿ ಗುಳಿಗೆ ಇದೆಯೇ, ಈ ತಿಂಗಳ ಪಿಂಚಣಿ ಬಂತೇ, ಮೊಮ್ಮಗ ಇವತ್ತು ಶಾಲೆಗೆ ಹೋದನೇ? ಗುಳಿಗೆ ತೀರಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ, ಪಿಂಚಣಿ ನಿಂತಿದ್ದರೆ ನಾಡಕಚೇರಿಗೆ ಹೋಗುವ ಯಾರ ಕೈಯಲ್ಲಾದರೂ ಹೇಳಿಕಳಿಸಿ. ದಯೆ ಎಂಬುದಕ್ಕೆ ಇಷ್ಟು ಸಣ್ಣ ಸಣ್ಣ ಕೈಕಾಲುಗಳಿವೆ. ಇವನ್ನು ಬಿಟ್ಟು ಅದು ನಡೆಯಲಾರದು.

ಫಲದ ಲೆಕ್ಕ ಬೇಡವೆಂದು ಗೀತೆ ಹೇಳಿದೆಯಲ್ಲ, ಇದೇನು ಪುಸ್ತಕ ಇಡುವ ಮಾತು ಎಂದು ಓದಿದವರು ಕೇಳಬಹುದು. ಗೀತೆ ಬಿಡಿಸುವುದು ಫಲ ನನ್ನದು ಎಂಬ ಹಕ್ಕನ್ನು. ಕರ್ಮ ಮಾಡಿದೆಯೋ ಇಲ್ಲವೋ ಎಂಬ ಪ್ರಶ್ನೆಯನ್ನು ಅದು ಬಿಟ್ಟುಕೊಟ್ಟಿಲ್ಲ, ಹದಿನೆಂಟು ಅಧ್ಯಾಯ ಹೇಳಿದ್ದೇ ಅರ್ಜುನನಿಂದ ಕರ್ಮ ಮಾಡಿಸಲು. ಕೊಟ್ಟದ್ದು ಗುಟ್ಟಾಗಿರಬೇಕು ಎಂಬ ಇನ್ನೊಂದು ಮಾತೂ ನಮ್ಮಲ್ಲಿದೆ, ಅದು ನಿಜವಾದದ್ದು. ಆದ್ದರಿಂದ ಪುಸ್ತಕದಲ್ಲಿ ಮನೆಗಳ ಹೆಸರಿರಲಿ, ಸಭೆಯಲ್ಲಿ ಯಾರ ಹೆಸರನ್ನೂ ಓದುವುದು ಬೇಡ. ಕೊಟ್ಟವರ ಹೆಸರು ಓದಿದರೆ ಅವರಿಗೆ ಅಹಂಕಾರ ಬರುತ್ತದೆ. ಉಂಡವರ ಹೆಸರು ಓದಿದರೆ ಅವರ ಮಾನ ಹೋಗುತ್ತದೆ, ಇದು ಮೊದಲಿನದಕ್ಕಿಂತ ದೊಡ್ಡ ಪಾಪ. ಇಷ್ಟು ಮನೆ, ಇಷ್ಟು ದಿನ, ಇಷ್ಟು ದಿನ ತಪ್ಪಿತು ಎಂದು ಸಂಖ್ಯೆ ಮಾತ್ರ ಓದಿ. ತಪ್ಪಿದ ದಿನಗಳನ್ನು ಮುಚ್ಚಿಡಬೇಡಿ. ಲಕ್ಕಮ್ಮ ಮಾರಯ್ಯನನ್ನು ಎಚ್ಚರಿಸಿದ್ದು ತಪ್ಪಿದ ಹೊತ್ತು ಕಣ್ಣಿಗೆ ಕಂಡಿದ್ದರಿಂದ.

ಮದುವೆಯ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಲಗ್ನಪತ್ರಿಕೆಯ ಮೊದಲ ಪ್ರತಿಯನ್ನು ದೇವರ ಮುಂದೆ ಇಟ್ಟು ಆಶೀರ್ವಾದ ಕೇಳುತ್ತೀರಿ. ಹೆಣ್ಣುಮಕ್ಕಳು ದೇವಿಯ ಸ್ವರೂಪ ಎಂದು ಹೇಳುವ ಬಾಯಿಂದಲೇ ಹದಿನಾರರ ಮಗುವಿಗೆ ಮುತ್ತೈದೆಯಾಗು ಎಂದು ಹರಸುವುದು ನಡೆಯುತ್ತಿದೆ. ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು ಎಂದು 2006ರ ಕಾಯ್ದೆ ಹೇಳುತ್ತದೆ. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ತಡೆಯುವ ಕಾಯ್ದೆ ನಮ್ಮ ರಾಜ್ಯದಲ್ಲಿ ಆದದ್ದು 1982ರಲ್ಲಿ. ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆ ಆ ಪದ್ಧತಿಯ ನೋವನ್ನು ಎಷ್ಟು ಉಂಡಿದೆ ಎಂದು ಇಲ್ಲಿ ಕೂತ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ. ಹೆಣ್ಣಿನ ಗೌರವ ಎಂಬ ಮಾತಿಗೆ ಈ ಗುಡಿಯಲ್ಲಿ ಒಂದು ಅಳತೆ ಇಡೋಣ: ಲಗ್ನಪತ್ರಿಕೆಯ ಜೊತೆ ಶಾಲೆಯ ಟಿ.ಸಿ. ಇರಬೇಕು. ಹುಟ್ಟಿದ ತಾರೀಕು ನೋಡದೆ ಪೂಜಾರಿ ಪತ್ರಿಕೆಗೆ ಅರಿಶಿನ ಹಚ್ಚಬಾರದು. ಹಚ್ಚದಿದ್ದರೆ ಬೇಸರ ಮಾಡಿಕೊಳ್ಳುವವರು ನನ್ನ ಮೇಲೆ ಬೇಸರ ಮಾಡಿಕೊಳ್ಳಲಿ.

ಸಮಾನತೆಯ ಅಳತೆ ಇದಕ್ಕಿಂತ ಕಷ್ಟದ್ದು. ಗುಡಿಯ ಪ್ರಸಾದದಲ್ಲಿ ಎಲ್ಲರೂ ಕೂರುತ್ತಾರೆ ಎಂದು ನೀವು ಹೇಳುವುದನ್ನು ಬಲ್ಲೆ. ನಾನು ಕೇಳುವುದು ನಿಮ್ಮ ಮನೆಯ ಪಡಸಾಲೆಯನ್ನು. ಕಳೆದ ವರ್ಷದ ಹಬ್ಬಗಳಲ್ಲಿ, ತೊಟ್ಟಿಲು ಶಾಸ್ತ್ರದಲ್ಲಿ, ಮದುವೆಯಲ್ಲಿ ನಿಮ್ಮ ಮನೆಯ ಪಂಕ್ತಿಯಲ್ಲಿ ಕೇರಿಯವರು ಎಷ್ಟು ಮಂದಿ ಕೂತು ಉಂಡರು? ಹೊರಗೆ ಕಟ್ಟೆಯ ಮೇಲೆ ಬಡಿಸಿದ್ದು ಇದರಲ್ಲಿ ಸೇರುವುದಿಲ್ಲ. ಉತ್ತರವನ್ನು ಯಾರಿಗೂ ಹೇಳಬೇಡಿ, ನಿಮ್ಮಷ್ಟಕ್ಕೆ ಎಣಿಸಿಕೊಳ್ಳಿ. ಸೊನ್ನೆ ಬಂದರೆ ಬರುವ ದೀಪಾವಳಿಗೆ ಯಾರನ್ನು ಕರೆಯುತ್ತೀರಿ ಎಂದು ಒಂದು ಹೆಸರು ಇವತ್ತೇ ನಿಶ್ಚಯಿಸಿ. ಬಸವಣ್ಣನವರ ಕಲ್ಯಾಣದಲ್ಲಿ ಸಮಾನತೆಯ ಪ್ರಶ್ನೆಗೆ ಜನ ಪ್ರಾಣ ತೆತ್ತರು. ನಮ್ಮನ್ನು ಕೇಳುತ್ತಿರುವುದು ಒಂದು ಎಲೆ ಹೆಚ್ಚು ಹಾಕುವುದನ್ನು.

ಪುಸ್ತಕ ಗುಡಿಯ ಗಂಟೆಯ ಕೆಳಗಿನ ಗೂಡಿನಲ್ಲಿದೆ. ಓಣಿಗೊಂದು ಪುಟ ಬಿಟ್ಟಿದ್ದೇವೆ. ಮಹಾನವಮಿಯೊಳಗೆ ಪಟ್ಟಿ ಮುಗಿಯಬೇಕು, ದೀಪಾವಳಿ ದಾಟಿದರೆ ಮೊದಲ ಲಾರಿ ಹೊರಡುತ್ತದೆ. ಗುಳೆ ಹೋಗುವವರು ಹೊರಡುವ ಮುನ್ನ ತಮ್ಮ ಫೋನ್ ನಂಬರನ್ನು ಆ ಪುಟದಲ್ಲಿ ಬರೆದು ಹೋಗಲಿ. ರಾತ್ರಿ ಅಪ್ಪನಿಗೆ ಜ್ವರ ಬಂದರೆ ಯಾರಿಗೆ ತಿಳಿಸಬೇಕೆಂದು ನಮಗೆ ಗೊತ್ತಿರಬೇಕು. ಪ್ರತಿ ಅಮಾವಾಸ್ಯೆಯ ಸಂಜೆ ಮಂಗಳಾರತಿಗೆ ಮೊದಲು ಸಂಖ್ಯೆ ಓದುತ್ತೇವೆ. ಬರೆಯಲು ಹೈಸ್ಕೂಲಿನ ಮಕ್ಕಳಿದ್ದಾರೆ. ಮೇಲಿನ ಓಣಿಗೆ, ಬಸ್ ಸ್ಟ್ಯಾಂಡ್ ಕಡೆಗೆ ಜನ ಆಗಿದ್ದಾರೆ. ಕೆಳಗಿನ ಓಣಿಯ ಮನೆಗಳನ್ನು ಎಣಿಸಲು ಇನ್ನೂ ಇಬ್ಬರು ಬೇಕು. ಒಬ್ಬರಾದರೂ ತಾಯಂದಿರಾಗಿರಲಿ, ಅವರು ಒಳಗೆ ಹೋಗಿ ಒಲೆ ನೋಡಿ ಬರಬಲ್ಲರು. ಪ್ರಸಾದಕ್ಕೆ ಏಳುವ ಮೊದಲು ಹೆಸರು ಕೊಡಿ.